ಓಬಯ್ಯನ ಬೆರಳ ನಡೆ

ಹೇಳಿದರೆ ನೀವು ನಂಬಲ್ಲ. ಆ ಲ್ಯಾಪ್‌ಟಾಪು ನನ್ನನ್ನು ನನ್ನ ಗಂಡ ಅಂತ ಒಪ್ಪಿಕೊಂಡಿತು. ಎದುರಿಗೇ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ನನ್ನ ನಿಜವಾದ ಗಂಡನನ್ನು ಮಾತ್ರ, ನೀನು ಅವನಲ್ಲ ಹೋಗಯ್ಯಾ ಅಂದುಬಿಟ್ಟಿತು. ಆವತ್ತು ಬಿದ್ದ ಆ ಶಾಕ್‌ನಿಂದ ನಾನು ಇನ್ನೂ ಪೂರ್ತಿ ಈಚೆ ಬಂದಿಲ್ಲ.

ನಾನು ಮಾರಕ್ಕ. ಚಿತ್ರದುರ್ಗದಿಂದ ಆಚೆ ಕರಡಿಗುಡ್ಡ ಅಂತಿದೆ, ಅದರ ನೆತ್ತಿ ಉದ್ದಕ್ಕೂ ಗಾಳಿಯಂತ್ರಗಳು. ಗುಡ್ಡದ ಬುಡದಲ್ಲಿ ಕಂಟ್ರೋಲ್ ರೂಮು. ಅಲ್ಲಿನ ಕಂಪ್ಯೂಟರುಗಳಿಗೆ ನೆಗಡಿಯಾದರೂ ಜ್ವರ ಬಂದರೂ ಮದ್ದು ಕೊಡೋಳು ನಾನು. ನನ್ನ ಗಂಡ ಓಬಯ್ಯ ಯಂತ್ರ ಹತ್ತೋನು. ರೆಕ್ಕೆ ತಿರುಗೋ ಜಾಗದಲ್ಲಿ, ಊರೆಲ್ಲ ಅಂಗೈಯಗಲ ಕಾಣೋ ಎತ್ತರದಲ್ಲಿ ನಿಂತು ಬೋಲ್ಟು ಬಿಗಿಯೋನು. ಮದುವೆಗೆ ಮುಂಚೆ ಒಂದೇ ರೂಮಿನಲ್ಲಿ ಕೆಲಸ ಮಾಡ್ತಿದ್ದೋರು, ಹಾಗಾಗಿ ಇವತ್ತಿಗೂ ಒಬ್ಬರಿಗೊಬ್ಬರು ‘ನೀನು’. ನನ್ನ ಅತ್ತೆಗೆ ಅದು ಕೊನೆತನಕ ಸರಿಹೋಗಲಿಲ್ಲ, ಪಾಪ.

ಈಗಿನ ಮಕ್ಕಳಿಗೆ ಪಾಸ್‌ವರ್ಡ್ ಅಂದರೆ ನಗು ಬರುತ್ತೆ. ಅದನ್ನು ತೆಗೆದುಹಾಕಿ ಎಷ್ಟೋ ವರ್ಷ ಆಯ್ತು. ಈಗೇನಿದ್ದರೂ ಬೆರಳ ನಡೆ. ದೂರದಲ್ಲಿ ಯಾರೋ ನಡೆದುಬರ್ತಿದ್ದರೆ, ಮುಖ ಕಾಣೋಕೆ ಮುಂಚೆಯೇ ಧಾಟಿ ನೋಡಿ ಇಂಥವರು ಅಂತ ಹೇಳ್ತೀವಲ್ಲ, ಬೆರಳಿಗೂ ಹಾಗೇ ಒಂದು ನಡೆ ಇದೆ. ಒಂದು ಕೀಲಿಯಿಂದ ಇನ್ನೊಂದಕ್ಕೆ ಹೋಗೋಕೆ ಎಷ್ಟು ಹೊತ್ತು, ಒತ್ತಿದ ಕೀಲಿ ಬಿಡೋಕೆ ಎಷ್ಟು ಹೊತ್ತು, ಯಾವ ಬೆರಳು ಚುರುಕು, ಯಾವುದು ಸೋಮಾರಿ, ಎಲ್ಲವನ್ನೂ ಯಂತ್ರ ಅಳೆಯುತ್ತೆ. ಸುಮ್ಮನೆ ಹೆಸರು ಟೈಪ್ ಮಾಡಿದರೆ ಸಾಕು, ಬ್ಯಾಂಕು ತೆಗೆಯುತ್ತೆ, ರೇಷನ್ ಸಿಗುತ್ತೆ.

ಕೇಳೋಕೆ ಚೆಂದ. ಶುರುವಿನಲ್ಲಿ ಪಟ್ಟ ಪಾಡು ನಮಗೇ ಗೊತ್ತು. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಆವತ್ತು ಅಕ್ಕಿ ಇಲ್ಲ. ಕೈತುಂಬ ಹಸಿರು ಬಳೆ ತೊಟ್ಟ ಮದುಮಗಳು ಯಾರು ಅಂತ ಬ್ಯಾಂಕಿಗೇ ಗೊತ್ತಾಗಲಿಲ್ಲ. ಜನ ರೊಚ್ಚಿಗೆದ್ದು ಕೂಗಾಡಿದ ಮೇಲೆ ತಯಾರಿಸಿದವರು ‘ಹೊಂದಾಣಿಕೆ’ ಅಂತ ಒಂದು ಸೌಲಭ್ಯ ಸೇರಿಸಿದರು. ನಿಮ್ಮ ಬೆರಳು ದಿನಾ ಚೂರು ಚೂರು ಬದಲಾದರೆ ಯಂತ್ರವೂ ಚೂರು ಚೂರು ಒಗ್ಗಿಕೊಂಡು ಹೋಗುತ್ತೆ. ನಮ್ಮ ಕಡೆ ಅದನ್ನು ಯಾರೂ ಹೊಂದಾಣಿಕೆ ಅನ್ನಲ್ಲ, ‘ಸ್ವಲ್ಪ ಅಡ್ಜಸ್ಟು’ ಅಂತಾರೆ. ಅದನ್ನ ತುತ್ತತುದಿಗೆ ಏರಿಸಿ ಇಟ್ಟಿದ್ದ ಆಫೀಸು ಅಂದರೆ ನಮ್ಮದೇ ಇರಬೇಕು.

ನಮ್ಮ ಜನ ಅಷ್ಟಕ್ಕೇ ಸುಮ್ಮನಿರ್ತಾರಾ? ಒಬ್ಬರ ನಡೆ ಇನ್ನೊಬ್ಬರು ಕಲಿತರು. ಓಬಯ್ಯನ ಜೊತೆ ಯಂತ್ರ ಹತ್ತೋ ಜಬಿ, ತನ್ನ ಮಗುವನ್ನು ಸ್ಕೂಲಿಗೆ ಬಿಟ್ಟು ಬರೋದು ತಡವಾದರೆ ಅವನ ಲ್ಯಾಪ್‌ಟಾಪಿನಲ್ಲಿ ಓಬಯ್ಯ ಹಾಜರಿ ಹಾಕ್ತಿದ್ದ. ಓಬಯ್ಯನದು ನಾನು ಹಾಕ್ತಿದ್ದೆ. ತಪ್ಪು ಅಂತ ಯಾರಿಗೂ ಅನ್ನಿಸಲೇ ಇಲ್ಲ, ಪಕ್ಕದ ಮನೆಯವರ ಹಾಲು ಇಸಕೊಂಡು ಇಟ್ಟಷ್ಟು ಸಹಜವಾಗಿತ್ತು.

ಓಬಯ್ಯನ ನಡೆ ನನಗೆ ಕಲಿಯೋದೇ ಬೇಕಿರಲಿಲ್ಲ. ಅವನ ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದೋರು, ಹಾಗಾಗಿ ಹತ್ತೂ ಬೆರಳಲ್ಲಿ ಟೈಪ್ ಮಾಡೋನು. ಎಡಗೈ ಬೆರಳುಗಳು ಒಂದರ ಹಿಂದೆ ಒಂದು ಓಡ್ತಿದ್ದವು, ಪ್ರತಿ ಪದ ಮುಗಿದಾಗ ಹೆಬ್ಬೆರಳಿಂದ ಒಂದು ಗುದ್ದು. ನಾನು ಅವನನ್ನು ಮೆಚ್ಚಿದ್ದೇ ಆ ಸದ್ದಿಗೆ, ಇನ್ನೇನು ಮುಚ್ಚುಮರೆ.

ಆವತ್ತು ಬೆಳಿಗ್ಗೆ ಮನೆಯಲ್ಲಿ ಎಂದಿನ ಹಾಗೇ ಇತ್ತು. ನಾನು ಚಪಾತಿ ಲಟ್ಟಿಸ್ತಿದ್ದೆ. ಓಬಯ್ಯ ಟೀ ಲೋಟ ಹಿಡಿದು ಬಂದು, “ಮಾರಿ, ಹಾಜರಿ ಹಾಕ್ಬಿಡೇ,” ಅಂದ.

“ನಿನಗೇನು ಕೈಗೆ ಮೆಹಂದಿ ಹಚ್ಚಿದಾರಾ?”

“ನಿನ್ನ ಕೈಯಲ್ಲಿ ಹಾಕಿಸಿದರೆ ದಿನ ಚೆನ್ನಾಗಿರುತ್ತೆ.”

ಬಾಯಲ್ಲಿ ಬೆಣ್ಣೆ. ಬೈಕೊಂಡೇ ಹಿಟ್ಟಿನ ಕೈ ಒರೆಸಿ ಅವನ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಆಮೇಲೆ ಶರ್ಟಿನ ಗುಂಡಿ ಬಿಟ್ಟುಕೊಂಡು ಬಂದು ಎದುರಿಗೆ ನಿಂತ. ಅದೂ ಈಚೆಗೆ ಶುರುವಾದ ಅಭ್ಯಾಸ, ಗುಂಡಿ ನಾನೇ ಹಾಕಬೇಕು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಇದೇನು ಹೊಸ ಸರಸ ಅಂತ ಗೊಣಗಿದೆ. ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕಿ, ಕಾಲರ್ ಹಿಡಿದು ಒಂದು ಸಲ ಜಗ್ಗಿ ಕಳಿಸಿದೆ.

ಕಂಟ್ರೋಲ್ ರೂಮಿಗೆ ಹೋಗೋಷ್ಟರಲ್ಲಿ ವಿರೂಪಾಕ್ಷಪ್ಪನವರು ಕುಣೀತಿದ್ದರು. ಅವರು ನಮ್ಮ ಸ್ಟೇಷನ್ನಿನ ಮುಖ್ಯಸ್ಥರು. ಕೆಟ್ಟವರಲ್ಲ, ಬಿಪಿ ಜಾಸ್ತಿ. ಸಂಜೆಗೆ ಜೋರು ಗಾಳಿ ಬರುತ್ತೆ ಅಂತ ಮುನ್ಸೂಚನೆ ಬಂದಿತ್ತು. ಹದಿನೇಳನೇ ಯಂತ್ರದ ಬ್ರೇಕು ಹಿಡೀತಿರಲಿಲ್ಲ. ಗಾಳಿ ಬರೋಕೆ ಮೊದಲು ಯಾರಾದರೂ ಹತ್ತಿ ರೆಕ್ಕೆ ತಿರುಗದ ಹಾಗೆ ಪಿನ್ನು ಜಡಿದು ಬರಬೇಕು, ಇಲ್ಲದಿದ್ದರೆ ಗಾಳಿಗೆ ಸಿಕ್ಕಾಪಟ್ಟೆ ತಿರುಗಿ ರೆಕ್ಕೆ ಮುರಿಯುತ್ತೆ. ಹತ್ತೋಕೆ ಲೈಸೆನ್ಸ್ ಇದ್ದದ್ದು ಓಬಯ್ಯ, ಜಬಿ ಇಬ್ಬರಿಗೇ, ಇಬ್ಬರಲ್ಲಿ ಹಿರಿಯ ಓಬಯ್ಯ, ಹಾಗಾಗಿ ಹತ್ತೋ ಪರವಾನಗಿ ಅವನ ಲ್ಯಾಪ್‌ಟಾಪಿನಿಂದಲೇ ಹೊರಡಬೇಕು. ಆ ಲ್ಯಾಪ್‌ಟಾಪಿಗೋ ಅದೇ ಹೊತ್ತಿಗೆ ಆಪರೇಟಿಂಗ್ ಸಿಸ್ಟಮ್ಮಿನ ಅಪ್‌ಡೇಟು ಬಂದು, ಅರವತ್ತೆರಡು ಪರ್ಸೆಂಟಿಗೆ ನಿಂತುಬಿಟ್ಟಿತ್ತು.

ಪರದೆ ಮೇಲೆ ಒಂದೇ ಸಾಲು: ‘ಮಾಲೀಕರನ್ನು ಗುರುತಿಸಲಾಗುತ್ತಿದೆ. ದಯವಿಟ್ಟು ಎಂದಿನಂತೆ ಟೈಪ್ ಮಾಡಿ.’

ಓಬಯ್ಯ ಟೈಪ್ ಮಾಡಿದ. ಚಕ್ರ ತಿರುಗಿತು. ಅರವತ್ತೆರಡು. ಮತ್ತೆ ಮಾಡಿದ. ಮತ್ತೆ ಅರವತ್ತೆರಡು.

“ಅಮ್ಮಾ ಮಾರಕ್ಕಾ, ಏನಾದರೂ ಮಾಡಮ್ಮ,” ಅಂದರು ವಿರೂಪಾಕ್ಷಪ್ಪ. “ಹೊಸ ಆವೃತ್ತಿ ಇಲ್ಲದಿದ್ದರೆ ಇವತ್ತಿಂದ ಪರವಾನಗಿ ಹೊರಡಲ್ಲವಂತೆ.”

ನಾನು ಅವನನ್ನು ಏಳಿಸಿ ಕೂತೆ. ಚಾರ್ಜರು ಸರಿಯಿತ್ತು. ನೆಟ್ಟು ಸರಿಯಿತ್ತು, ಆದರೂ ನನ್ನ ಫೋನಿನ ನೆಟ್ಟಿಗೆ ಹಾಕಿ ನೋಡಿದೆ. ಜಾಗ ಸಾಲದೇನೋ ಅಂತ ಹಳೇ ಕಸವೆಲ್ಲ ಅಳಿಸಿದೆ. ಗುಂಡಿ ಅದುಮಿ ಹಿಡಿದು ಆರಿಸಿ, ಹತ್ತಿಸಿದೆ. ಸೇಫ್ ಮೋಡಿಗೆ ಹೋಗಿ ಅರ್ಧ ಇಳಿದ ಕಡತಗಳನ್ನು ಕಿತ್ತುಹಾಕಿ ಹೊಸದಾಗಿ ಇಳಿಸಿದೆ. ಸರಸರ ಏರಿತು, ಇಪ್ಪತ್ತು, ನಲವತ್ತು, ಅರವತ್ತು, ಅರವತ್ತೆರಡು, ಅಲ್ಲೇ ಕುಕ್ಕರುಬಡಿಯಿತು. ದರಿದ್ರದ್ದು!

ಆಮೇಲೆ ಕೀಲಿಮಣೆ ತಿರುಗಿಸಿ ನೋಡ್ತೀನಿ, ಆಯುಧಪೂಜೆಯಲ್ಲಿ ಹಚ್ಚಿದ ಅರಿಸಿನ ಕುಂಕುಮ ಇನ್ನೂ ಕೀಲಿಗಳ ಸಂದಿಯಲ್ಲಿ. ಸಿಕ್ಕಿಬಿದ್ದೆ ಕಳ್ಳ ಅಂತ ಕಿವಿಗೆ ಹಾಕೋ ಹತ್ತಿಕಡ್ಡಿ ತಗೊಂಡು ಒಂದೊಂದೇ ಕೀಲಿ ಒರೆಸಿದೆ. “ದೇವರಿಗೆ ಹಚ್ಚಿದ್ದೂ ತಪ್ಪಾ?” ಅಂದ ಓಬಯ್ಯ. “ದೇವರಿಗೆ ಹಚ್ಚು, ಕೀಬೋರ್ಡಿಗೆ ಹೂವೊಂದಿಟ್ಟರೆ ಸಾಲದಾ?” ಅಂತ ರೇಗಿದೆ. ಕೀಲಿಗಳು ಫಳಫಳ ಅಂದವು, ಅವನು ಟೈಪ್ ಮಾಡಿದ, ಅರವತ್ತೆರಡು.

ಮಿಕ್ಕವರ ಲ್ಯಾಪ್‌ಟಾಪೆಲ್ಲ ಅಪ್‌ಡೇಟಾಗಿ ಗುನುಗ್ತಿದ್ದವು. ಜಬಿಯದು ಟೀ ಕುಡಿಯೋಷ್ಟರಲ್ಲಿ ಮುಗಿದಿತ್ತು. ತಯಾರಿಸಿದ ಕಂಪನಿಯ ಪ್ರಯೋಗಾಲಯ ಮಂಗಳೂರಿನಲ್ಲಿದೆ, ಅಲ್ಲಿಗೆ ದೂರು ಕಳಿಸಿದೆ. ‘ಪರಿಶೀಲಿಸಿ ಕರೆ ಮಾಡುತ್ತೇವೆ, ದಯವಿಟ್ಟು ಕಾಯಿರಿ’ ಅಂತ ಉತ್ತರ ಬಂತು. ವಿರೂಪಾಕ್ಷಪ್ಪ ಕಿಟಕಿಯಿಂದ ಗುಡ್ಡ ನೋಡಿದರು, ಗಡಿಯಾರ ನೋಡಿದರು, ನನ್ನ ನೋಡಿದರು. “ಸ್ವಲ್ಪ ಅಡ್ಜಸ್ಟ್ ಮಾಡಮ್ಮ.”

ನನಗೆ ತಲೆ ಕೆಟ್ಟುಹೋಗಿತ್ತು. ಸೆನ್ಸರೇ ಸತ್ತಿದೆಯೋ ಏನೋ, ಪರೀಕ್ಷೆ ಮಾಡೋಣ ಅಂತ, ದಿನಾ ಬೆಳಿಗ್ಗೆ ಮಾಡೋ ಹಾಗೆ ಓಬಯ್ಯನ ಧಾಟಿಯಲ್ಲಿ ಟೈಪ್ ಮಾಡಿದೆ. ಎಡಗೈ ಓಟ, ಹೆಬ್ಬೆರಳ ಗುದ್ದು.

ಅರವತ್ತೆರಡು, ಎಂಬತ್ತು, ನೂರು. ‘ಸ್ವಾಗತ, ಓಬಯ್ಯ.’

ರೂಮೆಲ್ಲ ಗೊಳ್ಳಂತ ನಕ್ಕಿತು. “ಇನ್ನು ಮನೆ ಯಜಮಾನ ಯಾರು ಅಂತ ಕೇಳೋ ಹಾಗೇ ಇಲ್ಲ!” ಅಂದ ಜಬಿ. ವಿರೂಪಾಕ್ಷಪ್ಪ ಕೈಮುಗಿದರು. ನಾನೂ ನಕ್ಕೆ. ಆದರೆ ನಗುವಿನ ನಡುವೆ ಎದೆಯಲ್ಲಿ ಚುಳುಕ್ ಅಂತು. ಕದ್ದು ಮಾಡಿದವಳನ್ನು ಒಪ್ಪಿ, ಸ್ವಂತದವನನ್ನು ತಳ್ಳೋ ಯಂತ್ರ ಎಂಥದ್ದು? ಓಬಯ್ಯನ ಕಡೆ ತಿರುಗಿದೆ. ಅವನು ನಗ್ತಿರಲಿಲ್ಲ. ಹೆಲ್ಮೆಟ್ಟು ಎತ್ತಿಕೊಂಡು, “ನಡೀ ಜಬಿ, ಬಿಸಿಲೇರುತ್ತೆ,” ಅಂತ ಹೊರಟೇಹೋದ.

ಮಂಗಳೂರಿನ ಕರೆ ಬಂದಾಗ ನಾನು ಡಬ್ಬಿ ಬಿಚ್ಚಿ ಮೊದಲ ತುತ್ತು ಮುರಿದಿದ್ದೆ. ಫೋನಿನ ಪರದೆ ಮೇಲೆ ಕನ್ನಡಕದ ಹೆಂಗಸು, ಹಿಂದೆ ಪ್ರಯೋಗಾಲಯದ ಬಿಳಿ ಗೋಡೆ. “ನಾನು ಫ್ಲೇವಿಯಾ, ಬೆರಳ ನಡೆ ವಿಭಾಗದವಳು. ಓಬಯ್ಯ ಅಂದರೆ ನೀವಾ?”

“ಅವರ ಹೆಂಡತಿ. ಇಲ್ಲಿನ ಸಿಸ್ಟಮ್ ನೋಡಿಕೊಳ್ಳೋದೂ ನಾನೇ. ನಿಮ್ಮ ಅಪ್‌ಡೇಟು ಸರಿಯಿಲ್ಲ ಮೇಡಂ, ಬೆಳಿಗ್ಗೆಯಿಂದ ಜೀವ ತೆಗೀತು.”

“ಅಪ್‌ಡೇಟ್ ಕೆಟ್ಟಿರಲಿಲ್ಲ,” ಅಂದಳು ಆಕೆ. “ಅದು ನಿಂತದ್ದು ಬೇಕಂತಲೇ. ಹೊಸ ಆವೃತ್ತಿಯಲ್ಲಿ ನಾವು ಹೊಂದಾಣಿಕೆ ತೆಗೆದುಬಿಟ್ಟಿದ್ದೇವೆ. ದಿನಾ ಚೂರು ಚೂರು ಒಗ್ಗಿಕೊಂಡು ಬಂದ ನಡೆಯನ್ನು ಬದಿಗಿಟ್ಟು, ಮೊದಲ ದಿನ ದಾಖಲಾದ ನಡೆಗೇ ಹೋಲಿಸುತ್ತೆ. ಈ ಚಿತ್ರ ನೋಡಿ.”

ಎರಡು ಗೆರೆ ಬಂದವು. “ಇದು ಬಲಗೈ. ಅಂದಿನದೂ ಇಂದಿನದೂ ಒಂದರ ಮೇಲೊಂದು ಕೂತಿದೆ. ಇದು ಎಡಗೈ.” ಎಡಗೈಯ ಹೊಸ ಗೆರೆ ಹಳೆಯದನ್ನು ಬಿಟ್ಟು ಕೆಳಗೆ ಕೆಳಗೆ ಇಳೀತಾ ಹೋಗಿತ್ತು. “ಬೆರಳಿಗೆ ಏಟು ಬಿದ್ದರೆ ಒಂದೇ ದಿನ ಇಳಿಯುತ್ತೆ. ವಯಸ್ಸಾದರೆ ಎರಡೂ ಕೈ ಒಟ್ಟಿಗೆ ಇಳಿಯುತ್ತೆ. ಒಂದೇ ಕಡೆ, ನಿಧಾನಕ್ಕೆ, ತಿಂಗಳುಗಟ್ಟಲೆ ಇಳೀತಿದ್ದರೆ…” ಆಕೆ ತಡವರಿಸಿದಳು. “ನಾನು ಡಾಕ್ಟರಲ್ಲ. ಆದರೆ ಇಂಥ ಗೆರೆ ಮುಂಚೆ ನೋಡಿದ್ದೇನೆ. ತೊಂದರೆ ಬೆರಳಲ್ಲಿರಲಿಲ್ಲ, ತಲೆಯೊಳಗಿತ್ತು. ಇಂದೇ ನರದ ಡಾಕ್ಟರಿಗೆ ತೋರಿಸಿ. ಫಿಟ್ಸ್ ಬರಬಹುದು, ಗಾಡಿ ಓಡಿಸೋದು ಬೇಡ.”

ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

“ಒಂದು ಮಾತ್ರ ಅರ್ಥ ಆಗ್ತಿಲ್ಲ,” ಅಂದಳು ಫ್ಲೇವಿಯಾ. “ಈಚೆಗೆ ಪ್ರತಿದಿನ ಬೆಳಿಗ್ಗೆ ಒಂದೇ ಒಂದು ಸಲ ಎಡಗೈ ಪೂರ್ತಿ ಸರಿಯಾಗಿದೆ, ಮೊದಲ ದಿನದ ಹಾಗೆ. ಇವತ್ತು ಅಪ್‌ಡೇಟ್ ಮುಗಿಸಿದ್ದೂ ಆ ನಡೆಯೇ. ಕಾಯಿಲೆ ಬಿದ್ದ ಕೈ ಹಾಗೆ ನಡುನಡುವೆ ಸರಿಯಾಗಲ್ಲ. ಅದು ಯಾರು?”

“ನಾನು,” ಅಂದೆ.

ಆಕೆ ಕನ್ನಡಕ ತೆಗೆದಳು. “ಅವರು ಈಗ ಎಲ್ಲಿದ್ದಾರೆ?”

ಕಿಟಕಿಯಾಚೆ ಗುಡ್ಡದ ನೆತ್ತಿಯಲ್ಲಿ ಹದಿನೇಳನೇ ಯಂತ್ರ. ಅದರ ತುದಿಯಲ್ಲಿ ಎರಡು ಕೆಂಪು ಚುಕ್ಕೆ, ಎರಡು ಹೆಲ್ಮೆಟ್ಟು. ಅಯ್ಯೋ ದೇವರೇ, ಹತ್ತಿಸಿದ್ದು ನಾನೇ!

ಓಡಿಹೋಗಿ ವಾಕಿಟಾಕಿ ಕಿತ್ತುಕೊಂಡೆ. “ಓಬಯ್ಯ, ಕೆಳಗಿಳಿ. ಈಗಲೇ ಇಳಿ.”

“ಯಾಕೆ, ಸಾರು ಉಕ್ಕಿತಾ?” ಅಂದ ಮೇಲಿಂದ. ಅವನ ಹಿಂದೆ ಗಾಳಿ ಬೀಸೋದು ಕೇಳ್ತಿತ್ತು.

“ನಿನ್ನ ಎಡಗೈ ಸರಿಯಿಲ್ಲ ಕಣೋ. ಯಂತ್ರ ಸರಿಯಾಗೇ ಹೇಳಿತ್ತು. ಮಂಗಳೂರಿನಿಂದ ಫೋನ್ ಬಂದಿತ್ತು.”

“ಅವರಿಗೇನು ಕಾಣುತ್ತೆ ಅಲ್ಲಿಂದ? ಪಿನ್ನು ಜಡಿದು ಬರ್ತೀನಿ, ಇರು.”

ವಿರೂಪಾಕ್ಷಪ್ಪ ಪಕ್ಕಕ್ಕೆ ಬಂದರು. “ಹತ್ತಿದ್ದಾಗಿದೆ, ಸ್ವಲ್ಪ ಹೊತ್ತಿನ ಕೆಲಸ…”

“ಸಾರ್, ನೀವು ಸುಮ್ನಿರಿ!” ಅಂದೆ. ಆ ರೂಮಿನಲ್ಲಿ ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ವಾಕಿಟಾಕಿಗೆ ಹೇಳಿದೆ: “ಗ್ಲೋವ್ಸ್ ತೆಗಿ ಓಬಯ್ಯ. ಮೈಕಿನ ಮೇಲೆ ಬಲಗೈ ನಾಲ್ಕು ಬೆರಳಿಂದ ತಟ್ಟು. ಇಷ್ಟು ಮಾಡು, ಆಮೇಲೆ ನಾನು ಬಾಯಿ ಬಿಡಲ್ಲ.”

ಟಕಟಕಟಕಟಕ ಅಂತ ಬಂತು. ಅದೇ ಓಟ, ನಾನು ಮೆಚ್ಚಿದ ಸದ್ದು.

“ಈಗ ಎಡಗೈ.”

ಟಕ ಅಂತು. ಇನ್ನೊಂದು ಟಕ ಬರೋಷ್ಟರಲ್ಲಿ ನಾನು ಒಂದು ಸಲ ಉಸಿರೆಳೆದು ಬಿಟ್ಟಿದ್ದೆ. ಮೂರನೆಯದು ಬರಲೇ ಇಲ್ಲ. ಬರೀ ಗಾಳಿ.

“ಜಬಿ,” ಅಂದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಅವನ ಕೊಂಡಿಗಳು ನೋಡೋ. ಎರಡೂ ಕೊಂಡಿ ಬಿದ್ದಿದೆಯಾ ನೋಡು.”

ಮೇಲೆ ಹತ್ತಿದವರ ಸೊಂಟದ ಪಟ್ಟಿಗೆ ಎರಡು ಕೊಂಡಿ. ಬಲಗೈಯದೊಂದು, ಎಡಗೈಯದೊಂದು. ಒಂದನ್ನು ತೆಗೆದು ಮುಂದಕ್ಕೆ ಹಾಕುವಾಗ ಇನ್ನೊಂದು ಹಿಡಿದಿರಬೇಕು.

ಜಬಿ ಬಗ್ಗಿ ನೋಡಿದ. ಆಮೇಲೆ ಪಿಸುಗುಟ್ಟೋ ಹಾಗೆ ಹೇಳಿದ: “ಅಕ್ಕಾ… ಎಡಗಡೆದು ಬಿದ್ದೇ ಇಲ್ಲ. ಸುಮ್ನೆ ನೇತಾಡ್ತಿದೆ. ಬಲಗಡೆದಕ್ಕೆ ಅಣ್ಣ ಈಗಷ್ಟೇ ಕೈ ಹಾಕಿದ್ದ, ತೆಗೆಯೋಕೆ.”

ವಿರೂಪಾಕ್ಷಪ್ಪ ಕುರ್ಚಿಯ ಮೇಲೆ ಕುಸಿದರು. ನಾನು ಒಂದು ಕ್ಷಣ ತಡವಾಗಿ ಕೂಗಿದ್ದರೆ? ಆ ಲೆಕ್ಕ ಈಗಲೂ ಪೂರ್ತಿ ಮಾಡೋಕೆ ನನಗೆ ಧೈರ್ಯ ಇಲ್ಲ.

“ಹಾಕಿದೀನಿ ಅಂದ್ಕೊಂಡಿದ್ದೆ,” ಅಂದ ಓಬಯ್ಯ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ಮಾರಿ, ನನ್ನ ಕೈ ಹಾಕಿದೆ ಅಂತಲೇ ನನಗೆ ಅನ್ನಿಸಿತ್ತು.”

ಜಬಿ ತನ್ನ ಕೊಂಡಿಯಿಂದ ಅವನನ್ನು ಕಂಬಕ್ಕೆ ಬಿಗಿದು, ಸೊಂಟ ಹಿಡಿದು ಯಂತ್ರದ ಒಳಗಿಳಿಸಿದ. ಅಲ್ಲಿಂದ ಕೆಳಕ್ಕೆ ಆ ಕೈಯಲ್ಲಿ ಏಣಿ ಇಳಿಯೋ ಹಾಗಿರಲಿಲ್ಲ, ಲಿಫ್ಟೇ ಗತಿ. ಜನರನ್ನು ತುದಿಗೆ ಬಿಟ್ಟ ಮೇಲೆ ಲಿಫ್ಟು ತಾನಾಗಿ ಬುಡಕ್ಕೆ ಹೋಗಿ ನಿಂತಿರುತ್ತೆ. ಪರವಾನಗಿ ಯಾರ ಹೆಸರಲ್ಲಿದೆಯೋ ಅವರು ತುದಿಯಲ್ಲಿರೋ ಪುಟ್ಟ ಕೀಲಿಮಣೆಯಲ್ಲಿ ಹೆಸರು ಒತ್ತಿದರೆ ಮಾತ್ರ ಮೇಲೆ ಬರೋದು. ಓಬಯ್ಯ ಒತ್ತಿದ.

“ಇವರು ಮಾಲೀಕರಲ್ಲ ಅಂತಿದೆ ಅಕ್ಕಾ,” ಅಂದ ಜಬಿ.

ಅನ್ನದೆ ಇನ್ನೇನು ಮಾಡುತ್ತೆ? ಹಳೇ ಆವೃತ್ತಿಯಾಗಿದ್ದರೆ ಅಡ್ಜಸ್ಟ್ ಮಾಡಿಕೊಂಡು ಲಿಫ್ಟು ಕೊಡ್ತಿತ್ತು. ಹೊಸದನ್ನು ಕಷ್ಟಪಟ್ಟು ತುಂಬಿ, ಅವನನ್ನು ಮೇಲೆ ಕಳಿಸಿ, ಬಾಗಿಲು ಹಾಕಿದೋಳು ನಾನೇ.

“ಲ್ಯಾಪ್‌ಟಾಪಿಂದಲೂ ಕರೀಬಹುದು,” ಅಂದೆ. ಕೂತು ಟೈಪ್ ಮಾಡಿದೆ. ಬೆರಳು ಗಡಗಡ ನಡುಗ್ತಿದ್ದವು. ಚಕ್ರ ತಿರುಗಿತು. ‘ಮಾಲೀಕರನ್ನು ಗುರುತಿಸಲಾಗಲಿಲ್ಲ.’

ಬೆಳಿಗ್ಗೆ ಒಪ್ಪಿದ್ದು ಈಗ ನನ್ನನ್ನೂ ಒಪ್ಪಲಿಲ್ಲ. ಇನ್ನೊಂದು ಸಲ. ‘ಗುರುತಿಸಲಾಗಲಿಲ್ಲ. ಇನ್ನೊಮ್ಮೆ ತಪ್ಪಿದರೆ ಪರವಾನಗಿ ಲಾಕ್ ಆಗುತ್ತದೆ.’

“ಅಕ್ಕಾ ಬೇಗ,” ಜಬಿಯ ದನಿ. “ಅಣ್ಣನ ಎಡಗಡೆ ತುಟಿ ಅದುರ್ತಾ ಇದೆ.”

ಫೋನಿನ ಪರದೆಯಲ್ಲಿ ಫ್ಲೇವಿಯಾ ಇನ್ನೂ ಇದ್ದಳು. “ಮೇಡಂ, ನೀವೇ ತೆಗೀರಿ, ಕೈಮುಗೀತೀನಿ,” ಅಂದೆ.

“ನಮ್ಮಿಂದ ಆಗಲ್ಲ. ಯಾರಿಂದಲೂ ಆಗಬಾರದು ಅಂತಲೇ ಹಾಗೆ ಕಟ್ಟಿದ್ದೇವೆ.” ಆಕೆಯ ಕಣ್ಣಲ್ಲೂ ನೀರು. “ಮಾರಕ್ಕ, ನೀವು ಈಗ ಟೈಪ್ ಮಾಡ್ತಿರೋದು ಹೆದರಿದ ನಿಮ್ಮ ಕೈಯಲ್ಲಿ. ಅವರ ಕೈ ನೆನಪು ಮಾಡ್ಕೊಳ್ಳಿ.”

ಕಣ್ಣು ಮುಚ್ಚಿದೆ. ಎಲ್ಲಿಂದ ಶುರು ಮಾಡಲಿ? ಮದುವೆಗೆ ಮುಂಚೆ ಅವನ ಟೇಬಲ್ಲು ನನ್ನ ಬೆನ್ನ ಹಿಂದಿತ್ತು. ತಿರುಗಿ ನೋಡೋ ಹಾಗಿರಲಿಲ್ಲ, ಜನ ಆಡಿಕೊಳ್ತಿದ್ದರು. ಹಾಗಾಗಿ ಕಿವಿಯಲ್ಲೇ ನೋಡ್ತಿದ್ದೆ. ಕೋಪ ಬಂದಾಗ ಹೇಗೆ ಒತ್ತುತ್ತಿದ್ದ, ಹಸಿವಾದಾಗ ಹೇಗೆ, ನಾನು ಹೊಸ ಸೀರೆ ಉಟ್ಟು ಬಂದ ದಿನ ಹೆಬ್ಬೆರಳ ಗುದ್ದು ಹೇಗೆ ಎರಡೆರಡು ಬೀಳ್ತಿತ್ತು. ಅದು ಕಿವಿಗೆ ಕೇಳಿಸೋತನಕ ಕೈ ಆಡಿಸಲಿಲ್ಲ. ರೂಮಿನಲ್ಲಿ ಯಾರೋ ಅಳ್ತಿದ್ದರು, ಯಾರೋ ಬೇಗ ಬೇಗ ಅಂತಿದ್ದರು. ಕೇಳಿಸಿದ ಮೇಲೆ ಅದರ ಹಿಂದೆ ಬೆರಳು ಬಿಟ್ಟೆ.

‘ಸ್ವಾಗತ, ಓಬಯ್ಯ.’

ವಾಕಿಟಾಕಿಯಲ್ಲಿ ಲಿಫ್ಟಿನ ಗೊರಗೊರ ಕೇಳಿದ ಮೇಲೆಯೇ ನಾನು ಅತ್ತಿದ್ದು.

ಜೀಪಿನಲ್ಲಿ ಗುಡ್ಡ ಹತ್ತಿ ಹೋದಾಗ ಅವನು ಯಂತ್ರದ ಬುಡದಲ್ಲಿ ಕಾಲು ಚಾಚಿ ಕೂತಿದ್ದ. ತುಟಿಯ ಅದುರು ನಿಂತಿತ್ತು. ಆಂಬುಲೆನ್ಸು ಕೆಳಗಿನ ತಿರುವಿನಲ್ಲಿ ಕಾಣಿಸ್ತಿತ್ತು. ಹೋದವಳೇ ಬಾಯಿಗೆ ಬಂದ ಹಾಗೆ ಬೈದೆ. ಅವನು ಎಲ್ಲಾ ಕೇಳಿಸಿಕೊಂಡು, ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆ ಮೇಲಿಟ್ಟುಕೊಂಡ.

“ನನಗೆ ಗೊತ್ತಿತ್ತು ಮಾರಿ,” ಅಂದ.

“ಏನು ಗೊತ್ತಿತ್ತು?”

“ದಿನಾ ಬೆಳಿಗ್ಗೆ ನಿನ್ನ ಕೈಲಿ ಹಾಜರಿ ಹಾಕಿಸ್ತಿದ್ದೆನಲ್ಲ, ಸೋಮಾರಿತನಕ್ಕಲ್ಲ. ಹೊತ್ತೇರಿದ ಮೇಲೆ ಹೇಗೋ ಒಪ್ಪಿಕೊಳ್ಳೋದು, ಎದ್ದ ತಕ್ಷಣ ಅದು ನನ್ನನ್ನ ಒಪ್ಪೋದೇ ಬಿಟ್ಟಿತ್ತು. ಚಳಿಗೆ ಅಂದ್ಕೊಂಡೆ. ಆಮೇಲೆ ಬೇಸಿಗೆಯೂ ಬಂತು.” ನೆಲ ನೋಡ್ತಾ ಹೇಳ್ತಿದ್ದ. “ಹೇಳಿದರೆ ಹತ್ತೋದು ನಿಲ್ಲಿಸಿ ಸ್ಟೋರ್ ರೂಮಿಗೆ ಹಾಕ್ತಾರೆ. ಮೇಲೆ ನಿಂತರೆ ಮಾತ್ರ ನಾನು ಓಬಯ್ಯ ಅನ್ನಿಸೋದು. ಬಲಗೈ ಇದೆಯಲ್ಲ ಅಂತ ಇದ್ದೆ.”

ಆ ಯಂತ್ರ ದಿನಾ ಬೆಳಿಗ್ಗೆ ಕೂಗಿ ಹೇಳೋಕೆ ಬರ್ತಿತ್ತು, ನಾನು ದಿನಾ ಅದರ ಬಾಯಿ ಮುಚ್ಚಿ ಚಪಾತಿ ಲಟ್ಟಿಸೋಕೆ ಹೋಗ್ತಿದ್ದೆ. ಆಮೇಲೆ ಇನ್ನೊಂದು ನೆನಪಾಯ್ತು. ಕೇಳೋದು ಬೇಡ ಅಂದ್ಕೊಂಡರೂ ಬಾಯಿ ಕೇಳಿಬಿಟ್ಟಿತು.

“ಮತ್ತೆ ಶರ್ಟಿನ ಗುಂಡಿ?”

ಓಬಯ್ಯ ತಲೆ ಎತ್ತಲಿಲ್ಲ. “ಅದೂ,” ಅಂದ.

ಕೊಂಡಿಯ ಸುದ್ದಿ ಕೇಳಿದಾಗಲೂ ನನಗೆ ಅಷ್ಟು ಏಟು ಬಿದ್ದಿರಲಿಲ್ಲ. ಅವನ ಪಕ್ಕದಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿಬಿಟ್ಟೆ.

ತಲೆಯ ಬಲಗಡೆ, ಚಿಪ್ಪಿನ ಕೆಳಗೆ ಸಾಸಿವೆ ಕಾಳಿನಂಥದ್ದು ಬೆಳೆದು ಬಟಾಣಿ ದಾಟಿ ನೆಲ್ಲಿಕಾಯಾಗಿತ್ತು. ಕೆಟ್ಟ ಗಡ್ಡೆಯಲ್ಲ, ನಿಧಾನದ್ದು, ಎಡಗೈ ಆಡಿಸೋ ಜಾಗವನ್ನು ಒತ್ತಿಕೊಂಡು ಕೂತಿತ್ತು ಅಂದರು ಡಾಕ್ಟರು. ತೆಗೆದರು. ಮೇಲಿದ್ದಾಗ ಜೋರು ಫಿಟ್ಸ್ ಬಂದಿದ್ದರೆ ಅಂತ ಅವರು ಶುರು ಮಾಡಿದ ಮಾತನ್ನು ನಾನು ಪೂರ್ತಿ ಹೇಳಗೊಡಲಿಲ್ಲ. ಅವನನ್ನು ಇಳಿಸಿದ ಸಂಜೆಯೇ ಗಾಳಿಗೆ ಹದಿನೇಳರ ಒಂದು ರೆಕ್ಕೆ ಮುರಿದು ಬಿದ್ದಿತ್ತು. ಬೀಳಲಿ. ಕಬ್ಬಿಣ, ನಾರು, ಹೊಸದು ಬರುತ್ತೆ. ಒಬ್ಬರ ಹಾಜರಿಗೆ ಇನ್ನೊಬ್ಬರು ಪ್ರಾಕ್ಸಿ ಹೊಡೆದಿದ್ದಕ್ಕೆ ನಮ್ಮೆಲ್ಲರಿಗೂ ನೋಟಿಸು ಬಂತು, ನನ್ನನ್ನು ಕೆಲವು ತಿಂಗಳು ಮನೆಯಲ್ಲಿ ಕೂರಿಸಿದರು. ಅದೂ ಒಳ್ಳೆಯದೇ ಆಯ್ತು, ಅವನಿಗೆ ಕೈ ಕಲಿಸೋಕೆ ಯಾರಾದರೂ ಬೇಕಿತ್ತು.

ಮಾತಿಗೆ ಹೇಳ್ತಿಲ್ಲ, ನಿಜವಾಗಿ ಕಲಿಸಬೇಕಾಯ್ತು. ಎಡಗೈಗೆ ಎಲ್ಲಾ ಮರೆತುಹೋಗಿತ್ತು. ಹಳೇ ಕೀಬೋರ್ಡೊಂದನ್ನು ಊಟದ ಮೇಜಿನ ಮೇಲಿಟ್ಟು ನಾನು ಅವನ ನಡೆಯಲ್ಲಿ ಟೈಪ್ ಮಾಡಿ ತೋರಿಸ್ತಿದ್ದೆ. ಅವನು ನನ್ನ ಬೆರಳನ್ನೇ ನೋಡ್ತಿದ್ದ, ಬಾಯಿ ಬಿಟ್ಟುಕೊಂಡು.

“ನಾನು ಹಿಂಗಿದ್ನಾ?”

“ಹಿಂಗೇ ಇದ್ದೆ.”

“ಇಷ್ಟು ಫಾಸ್ಟಾ?”

“ಇದಕ್ಕಿಂತ ಫಾಸ್ಟು. ಹೊಟ್ಟೆಕಿಚ್ಚಿಗೆ ನಾನು ಸ್ವಲ್ಪ ಕಮ್ಮಿ ಮಾಡಿದೀನಿ.”

ಕೈ ಮೇಲೆ ಕೈ ಇಟ್ಟುಕೊಂಡು ಬೆರಳು ಬೆರಳಾಗಿ ಅವನ ನಡೆಯನ್ನು ಅವನಿಗೇ ವಾಪಸ್ ಕೊಟ್ಟೆ. ಹತ್ತೋ ಲೈಸೆನ್ಸು ಮತ್ತೆ ಸಿಗಲಿಲ್ಲ. ಹೊಸಬರಿಗೆ ಕೊಂಡಿ ಹಾಕೋದು ಹೇಳಿಕೊಡೋ ಕೆಲಸ ಸಿಕ್ಕಿದೆ, ಬೈದು ಬೈದು ಹೇಳಿಕೊಡ್ತಾನಂತೆ. ಈಗ ಲ್ಯಾಪ್‌ಟಾಪಿಗೆ ಯಾವ ಅಪ್‌ಡೇಟ್ ಬಂದರೂ ಟೈಪ್ ಮಾಡೋನು ಅವನೇ. ನಾನು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಪಕ್ಕದಲ್ಲಿ ಕೂತಿರ್ತೀನಿ. ಅರವತ್ತೆರಡು ದಾಟೋತನಕ ಉಸಿರು ಬಿಡಲ್ಲ.

ಮೊನ್ನೆ ಬೆಳಿಗ್ಗೆ ಟೀ ಕಾಸ್ತಿದ್ದೆ. ಶರ್ಟಿನ ಗುಂಡಿ ಬಿಟ್ಟುಕೊಂಡು ಬಂದು ಎದುರಿಗೆ ನಿಂತ, ಹಾಕು ಅಂತ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

“ಕೈ ಸರಿಯಾಗಿತ್ತಲ್ಲೋ! ಏನಾಯ್ತೋ!”

“ಏನೂ ಆಗಿಲ್ಲ ಕಣೇ,” ಅಂದ. “ಸುಮ್ನೆ.”

ನಂಬೋಳು ನಾನಲ್ಲ. “ಮೊದಲು ಮೇಜು ತಟ್ಟು. ಎಡಗೈ.”

ನಗ್ತಾ ತಟ್ಟಿದ. ಟಕಟಕಟಕಟಕ. ನಾಲ್ಕೂ ಬೆರಳು ಸಾಲಾಗಿ ಓಡಿದವು, ಕೊನೆಗೆ ಹೆಬ್ಬೆರಳಿಂದ ಗುದ್ದು ಎರಡು ಬಿತ್ತು. ಇನ್ನೊಂದು ಸಲ ತಟ್ಟಿಸಿದೆ. ಆಮೇಲೆ ಒಲೆ ಆರಿಸಿ ಬಂದು ಗುಂಡಿ ಹಾಕಿದೆ.